ಸಿಪ್ಪೆಯ ಹೊಲಿಗೆ

ಬೀದಿಯವರಿಗೆಲ್ಲ ಅವಳು ಸಿಪ್ಪೆ ಡಾಕ್ಟ್ರು. ಈ ಹೆಸರು ಅವಳು ಕೇಳಿ ಪಡೆದದ್ದಲ್ಲ, ಓದಿ ಪಡೆದದ್ದಂತೂ ಅಲ್ಲವೇ ಅಲ್ಲ. ಡಾಕ್ಟರೇಟ್ ಬಂದ ವಾರವೇ ಎದುರುಮನೆಯಾಕೆ ಮೊಣಕಾಲು ನೋವಿಗೆ ಔಷಧಿ ಕೇಳಿಕೊಂಡು ಬಂದಿದ್ದಳು. "ನಾನು ಆ ಥರ ಡಾಕ್ಟ್ರಲ್ಲ" ಎಂದರೆ "ಮತ್ತೆ ಯಾವ ಥರ?" ಎಂದು ಹೊಸ್ತಿಲಲ್ಲೇ ನಿಂತಳು. ಸಿಗಡಿಯ ಸಿಪ್ಪೆ, ಏಡಿಯ ಚಿಪ್ಪು, ಜಿರಳೆಯ ರೆಕ್ಕೆ, ಇವನ್ನೆಲ್ಲ ಗಟ್ಟಿ ಮಾಡುವ ಕೈಟಿನ್ ಎಂಬ ವಸ್ತು, ಅದನ್ನು ತಿನ್ನುವ ಬ್ಯಾಕ್ಟೀರಿಯಾ, ಆ ಬ್ಯಾಕ್ಟೀರಿಯಾದ ಕಿಣ್ವ ಎಂದು ಅವಳು ವಿವರಿಸುತ್ತ ಹೋದಂತೆ ಆಕೆಯ ಮುಖ ಇಳಿಯುತ್ತ ಹೋಯಿತು. ಕೊನೆಗೆ ಒಳಗಿನಿಂದ ಅತ್ತೆ, ಎಂದರೆ ಅಪ್ಪನ ಅಕ್ಕ, ಕೂಗಿ ಹೇಳಿದಳು: "ಅವಳು ಸಿಪ್ಪೆಗೆ ಡಾಕ್ಟ್ರು ಕಣೇ. ನಿನ್ನ ಮೊಣಕಾಲಿನ ಚಿಪ್ಪು ಕಳಚಿ ಬಿದ್ದ ಮೇಲೆ ತಗೊಂಡ್ ಬಾ, ನೋಡ್ತಾಳೆ."

ಹೆಸರು ಅಂಟಿದ್ದು ಹೀಗೆ. ಈ ಮನೆಯಲ್ಲಿ ಹೆಸರು ಅಂಟುವುದು ಹೊಸದೇನೂ ಅಲ್ಲ. ಅವಳ ಅಪ್ಪನಿಗೆ ಮೂವತ್ತು ವರ್ಷದಿಂದ ಬಿಚ್ಚೋ ಮಾಸ್ಟರ್ ಎಂದೇ ಹೆಸರು. ಮನೆಯ ಮೆಟ್ಟಿಲ ಕೆಳಗಿನ ಸಂದಿಯಲ್ಲಿ ಒಂದು ಹೊಲಿಗೆ ಯಂತ್ರ, ಒಂದು ಮಣೆ, ಒಂದು ಕಿಟಕಿ. ಅದೇ ಅವನ ಅಂಗಡಿ. ಹೊಸ ಬಟ್ಟೆ ಹೊಲಿಯುವವನಲ್ಲ. ದಪ್ಪಗಾದವರ ಕೋಟು ಅಗಲ ಮಾಡುವುದು, ಸಣ್ಣಗಾದವರ ಪ್ಯಾಂಟು ಬಿಗಿ ಮಾಡುವುದು, ಅಣ್ಣನ ಅಂಗಿಯನ್ನು ತಮ್ಮನಿಗೆ ಇಳಿಸುವುದು, ಇಷ್ಟೇ. "ಹೊಲಿಯೋರು ಬೀದಿಗೆ ಹತ್ತು ಜನ ಸಿಗ್ತಾರೆ. ಬಟ್ಟೆ ಹರೀದೆ ಇರೋ ಹಾಗೆ ಬಿಚ್ಚೋನು ನಾನೊಬ್ನೇ" ಎನ್ನುತ್ತಿದ್ದ. ಜಂಬದ ಮಾತಾದರೂ ಸುಳ್ಳಲ್ಲ.

ಮಗಳ ಕೆಲಸ ಅವನಿಗೆ ಕಬ್ಬಿಣದ ಕಡಲೆ. ಆದರೂ ಒಂದು ದಿನ ಅವಳು ಹೇಳಿದ ಒಂದು ಸಂಗತಿ ಅವನ ತಲೆಯಲ್ಲಿ ಕೂತುಬಿಟ್ಟಿತು. ನೆಲದಲ್ಲಿ, ನೀರಿನಲ್ಲಿ, ಗಾಳಿಯಲ್ಲಿ ಲೆಕ್ಕವಿಲ್ಲದಷ್ಟು ಹುಳುಗಳು, ಸಿಗಡಿಗಳು, ಏಡಿಗಳು ಪ್ರತಿವರ್ಷ ಚಿಪ್ಪು ಕಳಚುತ್ತವೆ, ಸಾಯುತ್ತವೆ. ಆ ಚಿಪ್ಪು ನೀರಿಗೆ ಕರಗುವುದಿಲ್ಲ, ಅಷ್ಟು ಸುಲಭಕ್ಕೆ ಕೊಳೆಯುವುದೂ ಇಲ್ಲ. ಅಂದಮೇಲೆ ಕಡಲು ಇಷ್ಟು ಹೊತ್ತಿಗೆ ಚಿಪ್ಪಿನ ರಾಶಿಯಿಂದ ತುಂಬಿಹೋಗಬೇಕಿತ್ತು. ತುಂಬಿಲ್ಲ. ಕಣ್ಣಿಗೆ ಕಾಣದ ಜೀವಿಗಳು ಅದನ್ನು ಸದ್ದಿಲ್ಲದೆ ಬಿಚ್ಚಿ ಸಕ್ಕರೆ ಮಾಡಿ ತಿಂದುಬಿಡುತ್ತವೆ.

"ಬಿಚ್ತವಾ?" ಎಂದ ಅಪ್ಪ, ಕೈಯಲ್ಲಿದ್ದ ಪ್ಯಾಂಟು ಕೆಳಗಿಟ್ಟು.

"ಬಿಚ್ತವೆ. ಆದ್ರೆ ತುಂಬ ನಿಧಾನ. ಒಂದು ಸಿಪ್ಪೆಗೆ ವಾರಗಟ್ಟಲೆ ಬೇಕು. ಅವಕ್ಕೇನು ಅವಸರ? ಅದನ್ನ ಬೇಗ ಮಾಡ್ಸೋದೇ ನನ್ನ ಕೆಲ್ಸ."

"ಅಂದ್ರೆ ನಿನ್ನದೂ ನನ್ನದೂ ಒಂದೇ ಕಸುಬು!" ಎಂದು ಅವನು ತೊಡೆ ತಟ್ಟಿ ನಕ್ಕ. ಆಮೇಲೆ ನಗು ನಿಲ್ಲಿಸಿ, "ಒಂದ್ಸಲ ನೋಡ್ಬೇಕಲ್ಲಮ್ಮ ಅದನ್ನ" ಎಂದ.

ಅವಳು ಆ ಮಾತನ್ನು ಅಷ್ಟಾಗಿ ಕಿವಿಗೆ ಹಾಕಿಕೊಳ್ಳಲಿಲ್ಲ. ಹಾಕಿಕೊಂಡದ್ದು ಕಳೆದ ವರ್ಷ, ಕಣ್ಣಿನ ಡಾಕ್ಟರ ಕೋಣೆಯಿಂದ ಹೊರಗೆ ಬಂದ ಮೇಲೆ. ಅಪ್ಪನ ಕಣ್ಣಿನ ನರ ಒಣಗುತ್ತಿದೆ, ಔಷಧಿ ಹಾಕಿದರೆ ಸ್ವಲ್ಪ ಕಾಲ ತಡೆಯಬಹುದು, ಹೋದ ದೃಷ್ಟಿ ಮಾತ್ರ ವಾಪಸು ಬರುವುದಿಲ್ಲ ಎಂದಿದ್ದರು ಅವರು. ಹೆಚ್ಚೆಂದರೆ ಒಂದು ವರ್ಷ. ಮೆಟ್ಟಿಲಿಳಿದು ದಾರಿಯುದ್ದಕ್ಕೂ ಅಪ್ಪ ಮಳಿಗೆಗಳನ್ನು, ಬಸ್ಸುಗಳನ್ನು, ಬೀದಿಯವರ ಅಂಗಿಗಳ ಹೊಲಿಗೆಯನ್ನು ಒಂದೊಂದಾಗಿ ನೋಡುತ್ತ ಬಂದ. ಮನೆ ಹತ್ತಿರ ಬಂದಾಗ, "ಬೇರೆಲ್ಲ ನೋಡಿದ್ದಾಯ್ತು. ನಿನ್ನ ಸಿಪ್ಪೆ ಕರಗೋದೊಂದು ಬಾಕಿ" ಎಂದ.

"ತೋರಿಸ್ತೀನಿ ಅಪ್ಪ. ನಿನ್ನ ಕಣ್ಣಿರೋವಾಗ್ಲೇ ತೋರಿಸ್ತೀನಿ" ಎಂದುಬಿಟ್ಟಳು. ಮಾತು ಕೊಡುವುದಕ್ಕೆ ಖರ್ಚಿಲ್ಲ ನೋಡಿ, ಬಾಯಿಂದ ಬಂದೇ ಬಿಟ್ಟಿತು. ಅಂದಿನಿಂದ ಅವಳಿಗೆ ಸರಿಯಾಗಿ ನಿದ್ದೆ ಇಲ್ಲ.

ಅವಳ ಪ್ರಯೋಗಾಲಯ ಮೂರನೆಯ ಮಹಡಿಯಲ್ಲಿತ್ತು. ಉದ್ದನೆಯ ಮೇಜು, ಗುಂಯ್‌ಗುಡುವ ಫ್ರಿಜ್ಜುಗಳು, ಕಿಟಕಿಯ ಬಳಿ ಸಾಲಾಗಿ ಜಾಡಿಗಳು. ಸಿಗಡಿ ಸಿಪ್ಪೆಯಿಂದ ಸುಣ್ಣದ ಅಂಶವನ್ನೂ ಮಾಂಸದ ಅಂಶವನ್ನೂ ತೊಳೆದು ತೆಗೆದರೆ ಕೊನೆಗೆ ಉಳಿಯುವುದು ಬಣ್ಣವಿಲ್ಲದ ಒಂದು ಪೊರೆ. ಸಿಗಡಿಯ ಆಕಾರ ಹಾಗೇ ಇರುತ್ತದೆ. ಬೆನ್ನಿನ ಬಾಗು, ಬಾಲದ ಬೀಸಣಿಗೆ ಎಲ್ಲ. ಸಿಗಡಿ ಮಾತ್ರ ಇರುವುದಿಲ್ಲ. ಅದೇ ಕೈಟಿನ್. ಸಕ್ಕರೆಯ ಕಣಗಳು ಕೈ ಕೈ ಹಿಡಿದು ಸರಪಳಿಯಾಗಿ, ಆ ಸರಪಳಿಗಳು ಒಂದಕ್ಕೊಂದು ಒತ್ತಿ ನಿಂತು ಆದ ಬಟ್ಟೆ. ಅವಳ ಕಿಣ್ವ ಸರಪಳಿಯ ತುದಿಯನ್ನು ಹುಡುಕಿ, ಕಚ್ಚಿ ಹಿಡಿದು, ಅದರುದ್ದಕ್ಕೂ ಜಾರುತ್ತ ಎರಡೆರಡು ಸಕ್ಕರೆಯನ್ನು ಕಡಿದು ಕೆಡವುತ್ತಿತ್ತು. ಹಿಡಿದರೆ ಬಿಡುತ್ತಿರಲಿಲ್ಲ.

ಹಿಡಿತ ಹೆಚ್ಚಾದಷ್ಟೂ ಕೆಲಸ ಹೆಚ್ಚು ಎಂದು ಅವಳು ನಂಬಿದ್ದಳು. ನಂಬದೇ ಏನು, ಯಾರಾದರೂ ಹಾಗೇ ನಂಬುತ್ತಾರೆ. ಐದು ವರ್ಷ ಅವಳು ಆ ಕಿಣ್ವದ ಒಂದೊಂದೇ ತುಣುಕನ್ನು ಬದಲಿಸಿ ಹಿಡಿತವನ್ನು ಬಿಗಿ ಮಾಡುತ್ತ ಬಂದಿದ್ದಳು. ಬ್ಯಾಕ್ಟೀರಿಯಾಗಳಿಗೆ ತಿದ್ದಿದ ಜೀನನ್ನು ಪಾಠದಂತೆ ಕೊಟ್ಟರೆ ಅವು ತಪ್ಪದೆ ತಿದ್ದಿದ ಕಿಣ್ವವನ್ನೇ ಮಾಡಿಕೊಡುತ್ತಿದ್ದವು. ಅಷ್ಟು ವಿಧೇಯ ವಿದ್ಯಾರ್ಥಿಗಳು ಯಾವ ಶಾಲೆಯಲ್ಲೂ ಸಿಗುವುದಿಲ್ಲ. ನಾನೂರ ಹನ್ನೆರಡು ಬಗೆಗಳಾದವು. ಅವುಗಳಲ್ಲೆಲ್ಲ ಅತಿ ಬಿಗಿ ಹಿಡಿತದ್ದಕ್ಕೆ ಅವಳಿಟ್ಟ ಹೆಸರು ಉಡ. ಉಡದ ಪಟ್ಟು ಗೊತ್ತಲ್ಲ, ಹಿಡಿದರೆ ಗೋಡೆಯೇ ಕಿತ್ತು ಬರಬೇಕು. ಉಡ ಸಿಪ್ಪೆಯನ್ನು ಕರಗಿಸುವುದಕ್ಕೆ ತೆಗೆದುಕೊಂಡದ್ದು ಇಪ್ಪತ್ತು ದಿನ. ಮೊದಲಿನದು ತೆಗೆದುಕೊಳ್ಳುತ್ತಿದ್ದದ್ದು ಇಪ್ಪತ್ತೊಂದು. ಬೆಟ್ಟ ಅಗೆದು ಇಲಿ ಹಿಡಿದ ಹಾಗಾಯಿತು.

ಅಪ್ಪ ತಿಂಗಳಿಗೊಮ್ಮೆ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬರುತ್ತಿದ್ದ. ಹೊರಗಿನವರು ಕೂರುವ ಕೋಣೆಗೆ ಅವಳು ಜಾಡಿ ತಂದು ತೋರಿಸುತ್ತಿದ್ದಳು. ಅವನು ಕಿಟಕಿಯ ಬೆಳಕಿಗೆ ಹಿಡಿದು, ತಲೆಯನ್ನು ಆ ಕಡೆ ಈ ಕಡೆ ತಿರುಗಿಸಿ, ಉಳಿದಿರುವಷ್ಟು ಕಣ್ಣಿನಿಂದ ನೋಡುತ್ತಿದ್ದ.

"ಇದೆಯಲ್ಲಮ್ಮ ಇನ್ನೂ. ನಿನ್ನ ಹುಳುಗಳು ಉಪವಾಸ ಮಾಡ್ತಿವೆಯಾ?"

ಅವಳು ನಗುತ್ತಿದ್ದಳು. ಅವನು ಹೋದ ಮೇಲೆ ಜಾಡಿಯನ್ನು ಮೇಜಿನ ಮೇಲೆ ಕುಕ್ಕುತ್ತಿದ್ದಳು.

ಆರು ತಿಂಗಳು ಹೀಗೆ ಕಳೆಯಿತು. ಒಂದು ಭಾನುವಾರ ಮಧ್ಯಾಹ್ನ ಅವಳು ಮೆಟ್ಟಿಲ ಕೆಳಗಿನ ಅಂಗಡಿಯಲ್ಲಿ ಮುಖ ಊದಿಸಿಕೊಂಡು ಕೂತಿದ್ದಳು. ಅತ್ತೆ ಮೂಲೆಯಲ್ಲಿ ಇಪ್ಪತ್ತು ಸೂಜಿಗೆ ದಾರ ಪೋಣಿಸಿ ಮೆತ್ತೆಗೆ ಚುಚ್ಚುತ್ತಿದ್ದಳು. ಇತ್ತೀಚೆಗೆ ಅದು ಅತ್ತೆಯ ದಿನನಿತ್ಯದ ಕೆಲಸವಾಗಿತ್ತು. ಅಪ್ಪನ ಮುಂದೆ ಒಂದು ದಪ್ಪ ಕೋಟು. ಅದರ ಒಡೆಯ ಮದುವೆಯಾದ ಮೇಲೆ ಎರಡು ಸುತ್ತು ಊದಿದ್ದನಂತೆ.

"ಸುಮ್ನೆ ಕೂರೋ ಬದ್ಲು ಒಂದು ಮಗ್ಗುಲು ಬಿಚ್ಚು" ಎಂದು ಅಪ್ಪ ಅವಳಿಗೊಂದು ಬ್ಲೇಡು ಕೊಟ್ಟ.

ಅವಳು ದಾರದ ತುದಿ ಹುಡುಕಿ ಬ್ಲೇಡು ಒತ್ತಿ ಎಬ್ಬಿಸಿ, ಬಿಗಿಯಾಗಿ ಹಿಡಿದು, ಒಂದಾದ ಮೇಲೊಂದು ಹೊಲಿಗೆಯನ್ನು ಎಳೆಯುತ್ತ ಹೋದಳು. ಹತ್ತು ನಿಮಿಷಕ್ಕೆ ಒಂದು ಬೆರಳಿನಷ್ಟು ಬಿಚ್ಚಿತು. ಅಪ್ಪನ ಮಗ್ಗುಲು ಆಗಲೇ ಕಂಕುಳಿನಿಂದ ಅಂಚಿನವರೆಗೆ ಬಾಯಿ ಬಿಟ್ಟಿತ್ತು. ಅವನು ಬಟ್ಟೆಯನ್ನು ನೋಡುತ್ತಲೂ ಇರಲಿಲ್ಲ. ಮುಖ ಬೀದಿಯ ಕಡೆಗಿತ್ತು, ಹೆಬ್ಬೆರಳಿನ ಉಗುರು ಹೊಲಿಗೆಯ ಮೇಲೆ ಓಡುತ್ತಿತ್ತು. ಮಗಳ ಮುಂದೆ ತೋರಿಸಿಕೊಳ್ಳುತ್ತಿದ್ದಾನೆ ಎಂದುಕೊಂಡಳು.

"ತುದಿ ಹಿಡ್ಕೊಂಡು ಹೊರಟ್ರೆ ಕೋಟಿನವನು ಇನ್ನೊಂದು ಸುತ್ತು ಊದ್ತಾನೆ" ಎಂದ ಅಪ್ಪ. "ಮಧ್ಯ ಮಧ್ಯ ಕತ್ತರಿಸ್ಕೊಂಡ್ ಹೋಗು. ನಾಕು ಹೊಲಿಗೆಗೊಂದು. ಆಮೇಲೆ ಮಗುಚಿ ಹಾಕಿ ಆ ಕಡೆ ದಾರ ಎಳಿ. ತಾನಾಗೇ ಬರತ್ತೆ. ಮತ್ತೆ ಬ್ಲೇಡನ್ನ ಅಷ್ಟು ಬಿಗಿಯಾಗಿ ಒತ್ತಬೇಡ, ಸಿಕ್ಕೊಳ್ಳತ್ತೆ. ಕಚ್ಚು, ಬಿಡು. ಕಚ್ಚು, ಬಿಡು."

ಅವಳು ನಾಲ್ಕಕ್ಕೊಂದರಂತೆ ಕತ್ತರಿಸಿ, ಕೋಟನ್ನು ಮಗುಚಿ, ಹಿಂದಿನ ದಾರವನ್ನು ಎಳೆದಳು. ಸರ್‍ರನೆ ಇಡೀ ದಾರ ಕೈಗೆ ಬಂತು. ಎರಡು ಪದರ ಬಟ್ಟೆ ಒಂದನ್ನೊಂದು ಬಿಟ್ಟು ಬೇರೆಯಾಗಿ ಬಿದ್ದವು.

ಅವಳು ದಾರ ಹಿಡಿದುಕೊಂಡು ಹಾಗೇ ಕೂತಳು. ಗಟ್ಟಿ ಸಿಪ್ಪೆಯಲ್ಲಿ ಸರಪಳಿಯ ತುದಿಗಳು ಇರುವುದೇ ಬೆರಳೆಣಿಕೆಯಷ್ಟು. ಕಿಣ್ವಗಳೆಲ್ಲ ಆ ನಾಲ್ಕು ತುದಿಗಳ ಮುಂದೆ ಸರದಿ ನಿಂತಿವೆ. ಒಳಗೆ ಹೋದ ಒಂದೆರಡು ಹಿಡಿದ ಪಟ್ಟು ಬಿಡದೆ ಅಲ್ಲೇ ಸಿಕ್ಕಿಕೊಂಡಿವೆ. ಅವಳು ಐದು ವರ್ಷ ಮಾಡಿದ್ದೇನು? ಪಟ್ಟನ್ನು ಇನ್ನಷ್ಟು ಬಿಗಿ ಮಾಡಿದ್ದು.

"ಅಪ್ಪ," ಎಂದಳು, "ನಾನು ಎಂಥ ದಡ್ಡಿ."

"ಅದನ್ನ ಹೇಳೋಕೆ ಇಷ್ಟು ಓದ್ಬೇಕಿತ್ತಾ?" ಎಂದಳು ಅತ್ತೆ, ಸೂಜಿಯಿಂದ ತಲೆಯೆತ್ತದೆ.

ಆಮೇಲಿನ ಐದು ತಿಂಗಳು ಅವಳು ಮನೆಯಲ್ಲಿದ್ದದ್ದು ಮಲಗುವುದಕ್ಕೆ ಮಾತ್ರ. "ಆದ್ಮೇಲೆ ಕರೀತೀನಿ, ಅಲ್ಲೀವರ್ಗೂ ಬರಬೇಡ" ಎಂದು ಅಪ್ಪನಿಗೆ ಹೇಳಿದಳು. ಮಣ್ಣಿನ ಇನ್ನೊಂದು ಬ್ಯಾಕ್ಟೀರಿಯಾದಿಂದ ಒಂದು ಪುಟ್ಟ ಪ್ರೋಟೀನನ್ನು ತಂದಳು. ಅದರ ಎದೆಯಲ್ಲಿ ಇರುವುದು ತಾಮ್ರದ ಒಂದೇ ಒಂದು ಪರಮಾಣು. ಆ ಒಂದು ಪರಮಾಣುವಿನ ಬಲದಿಂದ ಅದು ಸಿಪ್ಪೆಯ ಸಪಾಟು ಮೈ ಮೇಲೆ ಕೂತು, ತುದಿಗಿದಿ ನೋಡದೆ, ನಟ್ಟನಡುವೆ ಸರಪಳಿಯನ್ನು ಕತ್ತರಿಸುತ್ತದೆ. ಅವಳು ಅದಕ್ಕೆ ಕತ್ತರಿ ಎಂದೇ ಹೆಸರಿಟ್ಟಳು. ಇನ್ನು ಎಳೆಯುವುದಕ್ಕೆ ಯಾರು? ನಾಲ್ಕು ವರ್ಷದ ಹಿಂದೆ ಹಿಡಿತ ಸಾಲದೆಂದು ಅವಳೇ ಫ್ರಿಜ್ಜಿನ ತಳಕ್ಕೆ ತಳ್ಳಿದ್ದ ಒಂದು ಬಗೆ ಇತ್ತು, ಸಡಿಲಿ ಎಂಬ ತಾತ್ಸಾರದ ಹೆಸರಿನದು. ಉಡವನ್ನು ಒಳಗಿಟ್ಟು ಸಡಿಲಿಯನ್ನು ಹೊರಗೆ ತೆಗೆದಳು. ಮಂಜುಗಡ್ಡೆ ಒರೆಸುತ್ತ ಅದರ ಕ್ಷಮೆಯನ್ನೂ ಕೇಳಿದಳು, ಯಾರೂ ಇಲ್ಲದ್ದನ್ನು ನೋಡಿಕೊಂಡು.

ಎರಡನ್ನೂ ಸಿಪ್ಪೆಗೆ ಹೊಂದಿಸುವುದಕ್ಕೆ ಮೂವತ್ತೊಂಬತ್ತು ಸಲ ತಿದ್ದಬೇಕಾಯಿತು. ನಲವತ್ತನೆಯದನ್ನು ಒಂದು ಬುಧವಾರ ಬೆಳಿಗ್ಗೆ ಒಂಬತ್ತಕ್ಕೆ ಜಾಡಿಗೆ ಹಾಕಿ, ಬೇರೆ ಕೆಲಸಕ್ಕೆ ತಿರುಗಿದಳು. ಹನ್ನೆರಡಕ್ಕೆ ಸುಮ್ಮನೆ ಒಮ್ಮೆ ನೋಡಿದರೆ ಸಿಪ್ಪೆಯ ಅಂಚು ಮಸುಕಾಗಿತ್ತು. ಕನ್ನಡಕ ಒರೆಸಿಕೊಂಡಳು. ಮಸುಕಾದದ್ದು ಕನ್ನಡಕವಲ್ಲ.

ಸ್ಟೂಲು ಎಳೆದುಕೊಂಡು ಕೂತವಳು ಮತ್ತೆ ಏಳಲಿಲ್ಲ. ಬಾಲದ ಬೀಸಣಿಗೆ ಮೊದಲು ಗರಿ ಗರಿಯಾಗಿ ಬಿಡಿಸಿಕೊಂಡಿತು, ಆಮೇಲೆ ಗರಿಗಳೇ ಇರಲಿಲ್ಲ. ಬೆನ್ನಿನ ಬಾಗು ತೆಳುವಾಗಿ, ಇನ್ನೂ ತೆಳುವಾಗಿ, ಅದರ ಹಿಂದಿನ ಕಿಟಕಿಯ ಸರಳುಗಳು ಕಾಣತೊಡಗಿದವು. ಯಾರೂ ಕಲಕಲಿಲ್ಲ, ಯಾರೂ ಕಾಯಿಸಲಿಲ್ಲ, ಒಂದು ಗುಳ್ಳೆಯೂ ಏಳಲಿಲ್ಲ. ಒಂದು ಪ್ರಾಣಿ ತನ್ನ ಜೀವ ಕಾಪಾಡಿಕೊಳ್ಳುವುದಕ್ಕೆಂದು ನೇಯ್ದುಕೊಂಡ ಕವಚ, ಕಣ್ಣೆದುರಿಗೇ, ಸಂಜೆ ನಾಲ್ಕರ ಹೊತ್ತಿಗೆ ಬರೀ ನೀರಾಯಿತು. ಅವಳಿಗೆ ಕೂಗಬೇಕೆನಿಸಲಿಲ್ಲ. ದೊಡ್ಡವರ ಮುಂದೆ ನಿಂತಾಗ ಆಗುವಂತೆ ಸುಮ್ಮನೆ ಎದ್ದು ನಿಂತುಕೊಳ್ಳಬೇಕೆನಿಸಿತು, ನಿಂತಳು. ಕೋಟಿ ಕೋಟಿ ವರ್ಷಗಳಿಂದ ಮಣ್ಣಿನ ಕತ್ತಲಲ್ಲಿ ನಡೆಯುತ್ತಿದ್ದ ಕೆಲಸವನ್ನು ಅವಳು ಒಂದು ಹಗಲಿಗೆ ಇಳಿಸಿ ನೋಡಿಬಿಟ್ಟಿದ್ದಳು.

ಪ್ರಯೋಗಾಲಯದ ಹಿರಿಯರು ಬಂದರು, ಜಾಡಿಯನ್ನು ಅಲ್ಲಾಡಿಸಿದರು, ಗಡ್ಡ ಕೆರೆದುಕೊಂಡರು. "ಚೆನ್ನಾಗಿದೆ. ಆದ್ರೆ ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅಂತಾರಲ್ಲ? ಪಕ್ಕದಲ್ಲಿ ಇನ್ನೊಂದು ಜಾಡಿ ಇಡಿ. ಅದಕ್ಕೆ ಕುದಿಸಿ ಕೆಡಿಸಿದ ಕಿಣ್ವ ಹಾಕಿ. ಅದರಲ್ಲಿ ಸಿಪ್ಪೆ ಹಾಗೇ ಇದ್ದು, ಇದರಲ್ಲಿ ಹೋದ್ರೆ ಮಾತ್ರ ನಂಬ್ತೀನಿ" ಎಂದರು. ಐದು ಸಲ ಜೋಡಿ ಜಾಡಿ ಇಟ್ಟಳು. ಐದು ಸಲವೂ ಒಂದರಲ್ಲಿ ಸಿಪ್ಪೆ ಕಲ್ಲಿನಂತೆ ಕೂತಿತ್ತು, ಇನ್ನೊಂದರಲ್ಲಿ ಇಲ್ಲವಾಯಿತು. ಹಿರಿಯರು ನಂಬಿದರು. ಅವಳು ಮನೆಗೆ ಫೋನ್ ಮಾಡಿ, "ಅಪ್ಪ, ನಾಳೆ ಮೂರು ಗಂಟೆಗೆ ಬಾ" ಎಂದಳು. ವರ್ಷ ತುಂಬುವುದಕ್ಕೆ ಇನ್ನೂ ಹದಿನೆಂಟು ದಿನ ಉಳಿದಿತ್ತು.

ಮಾರನೆಯ ದಿನ ಅಪ್ಪ ಇಸ್ತ್ರಿ ಮಾಡಿದ ಅಂಗಿಯಲ್ಲಿ, ಅತ್ತೆಯ ತೋಳು ಹಿಡಿದುಕೊಂಡು ಬಂದ. ಅತ್ತೆಗೆ ಮಂಡಿ ನೋವು, ಆಸರೆಗೆ ಹಿಡಿದಿದ್ದಾನೆ ಎಂದುಕೊಂಡಳು. ಬೆಳಿಗ್ಗೆ ಒಂಬತ್ತಕ್ಕೆ ಶುರು ಮಾಡಿದ ಎರಡು ಜಾಡಿಗಳನ್ನು ತಟ್ಟೆಯ ಮೇಲಿಟ್ಟು ತಂದಳು, ಎಡಕ್ಕೆ ಕೆಲಸ ಮಾಡುವ ಕಿಣ್ವದ್ದು, ಬಲಕ್ಕೆ ಕುದಿಸಿದ್ದು. ಕಿಟಕಿಯ ಬೆಳಕು ಅಪ್ಪನ ಕಡೆಗೆ ಬೀಳಲಿ ಎಂದು ತಟ್ಟೆಯನ್ನು ಒಮ್ಮೆ ತಿರುಗಿಸಿದಳು. ಆಮೇಲೆ ಎಡಗಡೆಯ ಜಾಡಿಯನ್ನು ಎತ್ತಿ ಅವನ ಕೈಗಿಟ್ಟಳು. ಅವಳ ಕಣ್ಣೆಲ್ಲ ಅವನ ಮುಖದ ಮೇಲಿತ್ತು.

ಅಪ್ಪ ಜಾಡಿಯನ್ನು ಬೆಳಕಿಗೆ ಎತ್ತಿದ. ತಲೆಯನ್ನು ಆ ಕಡೆ ಈ ಕಡೆ ತಿರುಗಿಸಿದ.

"ಆಹಾ!" ಎಂದ. "ನೀರೇ ನೀರು! ಒಂದು ಚೂರೂ ಉಳಿದಿಲ್ಲವಲ್ಲೇ! ಅಕ್ಕ, ನೋಡಿದೆಯಾ ನನ್ನ ಮಗಳನ್ನ?"

ಅವಳು ಜಾಡಿಯನ್ನು ನೋಡಿದಳು. ಅದರೊಳಗೆ ಸಿಪ್ಪೆ ಇತ್ತು. ಬೆನ್ನಿನ ಬಾಗು, ಬಾಲದ ಬೀಸಣಿಗೆ, ಎಲ್ಲ ಹಾಗೇ ಇತ್ತು.

ತಟ್ಟೆ ತಿರುಗಿದಾಗ ಎಡ ಬಲವಾಗಿತ್ತು. ಅವಳು ಅತ್ತೆಯ ಕಡೆ ನೋಡಿದಳು. ಅತ್ತೆಯ ಬಾಯಿ ಯಾವತ್ತೂ ಇಷ್ಟು ಹೊತ್ತು ಮುಚ್ಚಿದ್ದೇ ಇಲ್ಲ. ಅತ್ತೆ ಬೇಡ, ಬೇಡ ಎಂಬಂತೆ ತಲೆಯಾಡಿಸುತ್ತಿದ್ದಳು. ಇಪ್ಪತ್ತು ಸೂಜಿಗಳು, ಬೀದಿಯ ಕಡೆ ತಿರುಗಿದ ಮುಖ, ಹೊಲಿಗೆಯ ಮೇಲೆ ಓಡುವ ಉಗುರು, ಎಲ್ಲ ಒಟ್ಟಿಗೇ ನೆನಪಾದವು. ಕಣ್ಣಿಗೆ ಕಾಣದ್ದನ್ನು ನೋಡಲು ಐದಾರು ವರ್ಷ ಕೂತವಳು ಎದುರಿಗಿದ್ದವನನ್ನು ನೋಡಿರಲಿಲ್ಲ.

"ಯಾವಾಗಿಂದ ಅಪ್ಪ?"

"ಏನು ಯಾವಾಗಿಂದ?"

"ನಿನ್ನ ಕೈಲಿರೋದು ಬೇರೆ ಜಾಡಿ. ಸಿಪ್ಪೆ ಅದರಲ್ಲಿ ಹಾಗೇ ಇದೆ."

ಅಪ್ಪ ಜಾಡಿಯನ್ನು ಮೆಲ್ಲಗೆ ತೊಡೆಯ ಮೇಲಿಳಿಸಿದ. "ತಿರುಗಿಸಿದೆಯಾ?" ಎಂದ. "ಎಷ್ಟು ಸಲ ಬಡ್ಕೊಂಡಿದೀನಿ, ಮಗುಚಿ ಹಾಕಿದ್ಮೇಲೆ ಎಡ ಯಾವುದು ಬಲ ಯಾವುದು ಮೊದ್ಲು ನೋಡ್ಕೋ ಅಂತ. ಕಲೀಲೇ ಇಲ್ಲ ನೀನು."

"ಅಪ್ಪ!"

"ಎರಡು ತಿಂಗಳಾಯ್ತು ಕಣಮ್ಮ. ಬೆಳಕು ಯಾವುದು ಕತ್ತಲೆ ಯಾವುದು ಅಂತ ಗೊತ್ತಾಗತ್ತೆ, ಅಷ್ಟೇ."

"ಯಾಕೆ ಹೇಳ್ಲಿಲ್ಲ?"

"ನೀನು ಮಾತು ಕೊಟ್ಟಿದ್ದೆಯಲ್ಲ. ನನ್ನ ಕಣ್ಣು ಮೊದ್ಲೇ ಹೋಯ್ತು ಅಂದ್ರೆ ನೀನು ಮಾತು ತಪ್ಪಿದ ಹಾಗೆ ಆಗ್ತಿತ್ತು. ನೋಡಿದೆ ಅಂತ ನಾನೊಂದು ಸುಳ್ಳು ಹೇಳಿದ್ರೆ ನಿನ್ನ ಮಾತು ಉಳೀತಿತ್ತು. ನನಗೇನು ನಷ್ಟ?"

ಅವಳಿಗೆ ಸಿಟ್ಟು ಬಂತು, ಅಳು ಬಂತು. ತಟ್ಟೆಯ ಮೇಲೆ ಇನ್ನೊಂದು ಜಾಡಿ ಇತ್ತು. ಅದರಲ್ಲಿ ಸಿಪ್ಪೆ ಹೆಚ್ಚುಕಡಿಮೆ ಮುಗಿದಿತ್ತು, ಪೂರ್ತಿ ಮುಗಿಯುವುದಕ್ಕೆ ಇನ್ನು ಒಂದು ಗಂಟೆ ಸಾಕು. ಅವಳು ತಟ್ಟನೆ ಎದ್ದು ಅಪ್ಪನನ್ನು ಮೂಲೆಯ ಕೈತೊಳೆಯುವ ತೊಟ್ಟಿಯ ಬಳಿಗೆ ಕರೆದೊಯ್ದು, ಚಿಕ್ಕ ಮಕ್ಕಳ ಕೈ ತೊಳೆಯುವಂತೆ ಅವನ ಕೈ ತೊಳೆದಳು. ಎರಡು ಜಾಡಿಗಳ ಮುಚ್ಚಳವನ್ನೂ ತೆಗೆದಳು.

"ಇದ್ರಲ್ಲಿ ಬ್ಯಾಕ್ಟೀರಿಯಾ ಇಲ್ಲ, ಬರೀ ಕಿಣ್ವ ಇರೋ ನೀರು. ಮುಟ್ಟಿ ನೋಡು."

ಅದನ್ನು ಹೇಳುವಾಗ ಅವಳಿಗೇ ಆ ಮಾತು ಕೇಳಿಸಿತು. ಮುಟ್ಟಿ ನೋಡು. ತಿಂದು ನೋಡು, ಕೇಳಿ ನೋಡು, ಮೂಸಿ ನೋಡು. ಹುಟ್ಟಿದಾಗಿನಿಂದ ಆಡಿದ ಮಾತು, ನೋಡುವುದನ್ನು ಕಣ್ಣಿಗೊಂದಕ್ಕೇ ಯಾವತ್ತೂ ಬರೆದುಕೊಟ್ಟಿರಲೇ ಇಲ್ಲ.

ಅಪ್ಪ ಮೊದಲು ಕೆಟ್ಟ ಕಿಣ್ವದ ಜಾಡಿಗೆ ಬೆರಳಿಳಿಸಿದ. "ಗಟ್ಟಿ. ಗಂಜಿ ಹಾಕಿದ ಕಾಲರ್ ಇದ್ದ ಹಾಗಿದೆ" ಎಂದ. ಆಮೇಲೆ ಇನ್ನೊಂದಕ್ಕೆ ಇಳಿಸಿದ. ಬೆರಳುಗಳು ನೀರಿನಲ್ಲಿ ಹುಡುಕಿದವು, ಏನೂ ಸಿಗದೆ ಮತ್ತೆ ಹುಡುಕಿದವು. "ಎಲ್ಲಿ?" ಎಂದವನು ಥಟ್ಟನೆ ಉಸಿರು ಹಿಡಿದ.

"ಇದೆ, ಇದೆ. ಅಯ್ಯೋ, ಇಷ್ಟು ತೆಳುವಾ? ಇಂಥ ಬಟ್ಟೆ ನಾನು ಜನ್ಮದಲ್ಲಿ ಮುಟ್ಟಿಲ್ಲ. ಎಳೆ ಎಳೆ ಬಿಟ್ಕೊಳ್ತಿದೆ ಕಣಮ್ಮ. ನಾನು ಎಳೀತಿಲ್ಲ, ನಿನ್ನಾಣೆ, ಅದೇ ಬಿಡ್ತಿದೆ." ಅವನ ಹೆಬ್ಬೆರಳು, ತೋರುಬೆರಳು ನೀರಿನೊಳಗೆ ಅಷ್ಟು ಮೆಲ್ಲಗೆ ಸರಿಯುತ್ತಿದ್ದವು. "ಸುತ್ತ ಎಲ್ಲ ಸರಿಯಾಗಿ ಬಿಚ್ಚಿದೀಯ. ಇಲ್ಲೊಂದು ಕಡೆ ಮಾತ್ರ, ಬಾಲ ಸೇರೋ ಹತ್ರ, ಎರಡೆಳೆ ಹೊಲಿಗೆ ಹಾಕಿದಾರೆ. ಇದು ಕೊನೇಲಿ ಬಿಡೋದು. ಮುಂದಿನ ಸಲ ಇಲ್ಲಿಂದ ಶುರು ಮಾಡು."

ಅವಳು ಜಾಡಿಗೆ ಕಣ್ಣು ಹಚ್ಚಿ ನೋಡಿದಳು. ಅಲ್ಲಿ ಅವಳಿಗೆ ಏನೂ ಕಾಣಲಿಲ್ಲ. ಐದು ಸಲ ನೋಡಿದಾಗಲೂ ಕಂಡಿರಲಿಲ್ಲ. ಜೇಬಿನಿಂದ ಪುಸ್ತಕ ತೆಗೆದು, ಬಾಲ ಸೇರುವಲ್ಲಿ ಎರಡೆಳೆ ಎಂದು ಬರೆದುಕೊಂಡಳು.

ಮೂವರೂ ಜಾಡಿಯ ಸುತ್ತ ಕೂತರು. ಹೊರಗೆ ಯಾರೋ ಗಾಡಿ ತಳ್ಳಿಕೊಂಡು ಹೋದರು. ಅತ್ತೆ ಸೆರಗಿನಿಂದ ಮೂಗು ಒರೆಸಿಕೊಂಡಳು. ಅಪ್ಪ ಬೆರಳುಗಳನ್ನು ಅಲ್ಲಾಡಿಸದೆ ಹಿಡಿದೇ ಇದ್ದ. ಗಡಿಯಾರ ನಾಲ್ಕು ದಾಟಿದ ಮೇಲೆ ಒಂದು ಗಳಿಗೆಯಲ್ಲಿ ಅವನ ಹೆಬ್ಬೆರಳು ತೋರುಬೆರಳಿಗೆ ಬಂದು ತಾಗಿತು. ನಡುವೆ ಇದ್ದದ್ದು ಇರಲಿಲ್ಲ. ಅವನ ಮುಖದಲ್ಲಿ ಬಂದದ್ದನ್ನು ಅವಳು ಹಿಂದೆಂದೂ ಕಂಡಿರಲಿಲ್ಲ. ತೆರೆದ ಕಣ್ಣು, ತೆರೆದ ಬಾಯಿ, ಕೈ ಇನ್ನೂ ನೀರಿನಲ್ಲಿ.

"ಹೋಯ್ತು" ಎಂದು ಪಿಸುಗುಟ್ಟಿದ. "ನೋಡಿದೆ ಕಣಮ್ಮ."

ಅವಳು ಅವನ ಕೈಯನ್ನು ನೀರಿನಿಂದ ತೆಗೆದು ಒರೆಸಿದಳು. ಅವನು ಒರೆಸಿದ ಬೆರಳುಗಳನ್ನು ಒಂದಕ್ಕೊಂದು ಉಜ್ಜಿ, ಇನ್ನೊಮ್ಮೆ ಉಜ್ಜಿ, ಎದ್ದು ಅಕ್ಕನ ತೋಳಿಗಾಗಿ ಕೈ ಚಾಚಿದ. ಬಾಗಿಲವರೆಗೆ ಹೋದವನು ನಿಂತ.

"ಇನ್ನೊಂದು ಸಿಪ್ಪೆ ತೆಗೆದಿಡು. ನಾಳೆ ಒಂಬತ್ತಕ್ಕೇ ಬರ್ತೀನಿ" ಎಂದ. "ಇವತ್ತು ಅರ್ಧದಿಂದ ನೋಡ್ದೆ. ನಾಳೆ ಮೊದಲಿಂದ ನೋಡ್ಬೇಕು."